ಪೀಣ್ಯದ ಕತ್ತಲೆ ಕೋಣೆ: ಲ್ಯಾಂಡಿಂಗ್ ಗೇರ್ ಪಿನ್‌ಗಳ ಬಿರುಕು ಚೆಕ್ ಮಾಡಿಸಿದ ಅನುಭವ

ಪೀಣ್ಯದಲ್ಲಿ ಎಂಪಿಐ ಎಲ್ಲಿ ಮಾಡಿಸುತ್ತೀರಿ ಅಂತ ತಿಂಗಳಿಗೆ ಇಬ್ಬರಾದರೂ ನನ್ನನ್ನು ಕೇಳುತ್ತಾರೆ. ಫೋನಿನಲ್ಲಿ ಅದೇ ಕಥೆ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಗೊತ್ತಿಲ್ಲದವರಿಗೆ: ಎಂಪಿಐ ಅಂದರೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಇನ್‌ಸ್ಪೆಕ್ಷನ್. ಉಕ್ಕಿನ ಪಾರ್ಟಿನಲ್ಲಿ ಬರಿಗಣ್ಣಿಗೆ ಕಾಣದ ಬಿರುಕು ಇದೆಯಾ ಅಂತ ಅಯಸ್ಕಾಂತ ಮತ್ತು ಹೊಳೆಯುವ ಕಬ್ಬಿಣದ ಪುಡಿ ಬಳಸಿ ನೋಡುವುದು. ನಾನು ಪೀಣ್ಯ ಎರಡನೇ ಸ್ಟೇಜಿನ ಒಂದು ಸಣ್ಣ ಮಷೀನ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ವಿಮಾನದ ಲ್ಯಾಂಡಿಂಗ್ ಗೇರ್‌ಗೆ, ಅಂದರೆ ಚಕ್ರವಿರುವ ಕಾಲುಗಳಿಗೆ, ಹೋಗುವ ಪಿನ್‌ಗಳು ನಮ್ಮ ಕೆಲಸ. ಟರ್ನಿಂಗ್, ಗ್ರೈಂಡಿಂಗ್ ನಮ್ಮದು. ಬಿರುಕು ಪರೀಕ್ಷೆಗೆ ಹೊರಗೆ ಕೊಡಬೇಕು. ಒಂದೂವರೆ ವರ್ಷದಿಂದ ಒಂದೇ ಕಡೆ ಕೊಡುತ್ತಿದ್ದೇನೆ. ಈ ರಿವ್ಯೂ ಅವರದ್ದು.

ಹೆಸರು ಹಾಕುತ್ತಿಲ್ಲ. ಅಲ್ಲಿ ಈಗಲೇ ಕ್ಯೂ ಇದೆ, ನಾನು ಹೆಸರು ಹೇಳಿದರೆ ನನ್ನ ಲಾಟೇ ಹಿಂದೆ ಬೀಳುತ್ತದೆ. ಸ್ವಾರ್ಥವೇ ಅನ್ನಿ, ಒಪ್ಪಿಕೊಳ್ಳುತ್ತೇನೆ. ಅದಕ್ಕೂ ಮುಂಚೆ ಕೊಡುತ್ತಿದ್ದ ಶಾಪಿನ ಹೆಸರೂ ಹೇಳುವುದಿಲ್ಲ, ಅವರ ಜೊತೆಗಿನ ಜಗಳ ಯಾವಾಗಲೋ ಮುಗಿದಿದೆ.

ಮೊದಲು ಪಾರ್ಟಿನ ವಿಷಯ. ಲ್ಯಾಂಡಿಂಗ್ ಗೇರ್‌ನ ತೋಳುಗಳನ್ನು ಒಂದಕ್ಕೊಂದು ಕೂಡಿಸುವ ಟೊಳ್ಳು ಪಿನ್ ಇದು. ಅಂಗೈ ಉದ್ದ, 40 ಮಿಲಿಮೀಟರ್ ದಪ್ಪ, ಒಳಗೆ ಉದ್ದಕ್ಕೂ ತೂತು. ನೋಡಿದರೆ ಒಳಕಲ್ಲಿನ ಗುಂಡಿನ ತಮ್ಮನ ಹಾಗಿದೆ. ಉಕ್ಕಿನ ಹೆಸರು 300ಎಂ. ಮನೆ ಕಟ್ಟಲು ತರುವ ಎಫ್‌ಇ 500 ಕಂಬಿ ಮುರಿಯುವ ಮುಂಚೆ ಕನಿಷ್ಠ 545 ಮೆಗಾಪಾಸ್ಕಲ್ ಎಳೆತ ತಾಳಬೇಕು. ಹದ ಹಾಕಿದ 300ಎಂ 1,900ಕ್ಕೂ ಜಾಸ್ತಿ ತಾಳುತ್ತದೆ. ಅಂದರೆ ಹೆಚ್ಚುಕಮ್ಮಿ ಮೂರೂವರೆ ಪಟ್ಟು. ಕೇಳಲಿಕ್ಕೆ ಚೆನ್ನಾಗಿದೆ ಅಲ್ವಾ? ಆದರೆ ಇಷ್ಟು ಗಟ್ಟಿ ಉಕ್ಕು ಬಿರುಕನ್ನು ಮಾತ್ರ ತಾಳುವುದಿಲ್ಲ. ಕಂಬಿಯಾದರೆ ಬಾಗುತ್ತದೆ, ನಮಗೆ ಗೊತ್ತಾಗಲು ಸ್ವಲ್ಪ ಟೈಮ್ ಕೊಡುತ್ತದೆ. ಇದರಲ್ಲಿ ಕೆಲವೇ ಮಿಲಿಮೀಟರ್ ಬಿರುಕು ಇದ್ದರೂ ಸಾಕು, ಭಾರ ಬಿದ್ದಾಗ ಪಟ್ ಅಂತ ಹೋಗಿಬಿಡುತ್ತದೆ. ಅದಕ್ಕೇ ಬಿರುಕು ಬೆಳೆಯುವುದನ್ನು ನೋಡಿಕೊಂಡು ಓಡಿಸೋಣ ಅನ್ನುವ ಲೆಕ್ಕಾಚಾರ ಲ್ಯಾಂಡಿಂಗ್ ಗೇರ್‌ನಲ್ಲಿ ಸಾಮಾನ್ಯವಾಗಿ ಇಲ್ಲ. ಇಷ್ಟು ಸಲ ಇಳಿದ ಮೇಲೆ ಪಾರ್ಟನ್ನೇ ತೆಗೆದುಹಾಕು ಅಂತ ಆಯಸ್ಸು ಬರೆದಿಟ್ಟಿರುತ್ತಾರೆ. ಹುಟ್ಟುವಾಗಲೇ ಬಿರುಕು ಇದ್ದರೆ ಆ ಲೆಕ್ಕವೆಲ್ಲ ನೀರುಪಾಲು.

2016ರ ಅಕ್ಟೋಬರ್ 28ರಂದು ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಫೆಡ್‌ಎಕ್ಸ್‌ನ ಎಂಡಿ-10 ಸರಕು ವಿಮಾನ ಇಳಿದು ರನ್‌ವೇ ಮೇಲೆ ಓಡುತ್ತಿರುವಾಗ ಎಡಗಡೆ ಗೇರ್ ಕುಸಿಯಿತು, ರೆಕ್ಕೆಗೆ ಬೆಂಕಿ ಹತ್ತಿತು. ಒಳಗಿದ್ದ ಇಬ್ಬರು ಪೈಲಟ್‌ಗಳು ಬದುಕಿದರು. ತನಿಖೆ ಮಾಡಿದಾಗ ಮೂಲ ಸಿಕ್ಕಿದ್ದು ಒಂದು ತುಕ್ಕಿನ ಗುಳಿಯಲ್ಲಿ. ಅಲ್ಲಿ ಇರಬೇಕಾದ ಕ್ಯಾಡ್ಮಿಯಂ ಲೇಪನ ಇರಲಿಲ್ಲ, ಗುಳಿ ಬಿತ್ತು, ಗುಳಿಯಿಂದ ಬಿರುಕು ಹೊರಟಿತು. ಜೊತೆಗೆ ಗೇರ್ ಬಿಚ್ಚಿ ಓವರ್‌ಹಾಲ್ ಮಾಡುವ ಅವಧಿಯನ್ನು ವಿಮಾನ ತಯಾರಕರು ಹೇಳಿದ್ದಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರು. ನಮ್ಮ ಶಾಪಿಗೆ ಹೊಸ ಹುಡುಗರು ಸೇರಿದಾಗ ನಾನು ಇದನ್ನು ಹೇಳುತ್ತೇನೆ. ಪಿನ್ ಕೈಗೆ ಕೊಟ್ಟು ಹೇಳುತ್ತೇನೆ, ಆಗ ಸ್ವಲ್ಪ ತಲೆಗೆ ಹೋಗುತ್ತದೆ.

ಈಗ ಹಳೇ ಶಾಪಿನ ಕಥೆ. ಅಲ್ಲಿ ಮೂರು ವರ್ಷ ಕೊಟ್ಟೆ. ಬೆಳಿಗ್ಗೆ ಹತ್ತಕ್ಕೆ ಟಾಟಾ ಏಸ್‌ನಲ್ಲಿ ಕಳಿಸಿದರೆ ಮಧ್ಯಾಹ್ನ ಊಟದ ಹೊತ್ತಿಗೆ ರಿಪೋರ್ಟ್ ಸಮೇತ ವಾಪಸ್. ರೇಟು ಕಡಿಮೆ, ಮಾತು ಸಿಹಿ, ದೀಪಾವಳಿಗೆ ಸ್ವೀಟ್ ಬಾಕ್ಸ್. ಮೂರು ವರ್ಷದಲ್ಲಿ ಅವರಿಗೆ ಒಂದೇ ಒಂದು ಬಿರುಕು ಸಿಗಲಿಲ್ಲ. ನಮ್ಮ ಗ್ರೈಂಡಿಂಗ್ ಅಷ್ಟು ಚೆನ್ನಾಗಿದೆ ಅಂತ ನಾನು, ನಮ್ಮ ಓನರ್ ಇಬ್ಬರೂ ಬೀಗುತ್ತಿದ್ದೆವು.

ಒಂದು ದಿನ ವಾಪಸ್ ಬಂದ ಪಿನ್‌ಗಳನ್ನು ಒರೆಸಿ ಜೋಡಿಸುವಾಗ ಒಂದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಲೂಪ್ ಹಿಡಿದು ನೋಡಿದರೆ ಚುಕ್ಕೆಯಲ್ಲ, ಕರಗಿ ಗಟ್ಟಿಯಾದ ಪುಟ್ಟ ಗುಳಿ. ಮಿಕ್ಕವನ್ನೂ ನೋಡಿದೆ. 18ರಲ್ಲಿ ಏಳಕ್ಕೆ ಇತ್ತು.

ಅದು ಆರ್ಕ್ ಬರ್ನ್. ಪಿನ್ ಅನ್ನು ಎರಡು ತುದಿಯಲ್ಲಿ ಹಿಡಿದು ಅದರ ಮೂಲಕವೇ ನೂರಾರು ಆಂಪಿಯರ್ ಕರೆಂಟ್ ಹಾಯಿಸುವುದಕ್ಕೆ ಹೆಡ್ ಶಾಟ್ ಅಂತಾರೆ. ಹಿಡಿತ ಸರಿ ಕೂರದಿದ್ದರೆ ಅಲ್ಲಿ ಕಿಡಿ ಹಾರುತ್ತದೆ, ವೆಲ್ಡಿಂಗ್ ಮಾಡಿದ ಹಾಗೆ ಒಂದು ಚುಕ್ಕೆ ಉಕ್ಕು ಕರಗಿ ತಕ್ಷಣ ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ಜಾಗ ಗಾಜಿನ ಹಾಗೆ ಪೆಡಸು. ಬಿರುಕು ಹುಡುಕಲು ಕಳಿಸಿದ ಪಾರ್ಟಿಗೆ ಬಿರುಕು ಹುಟ್ಟುವ ಜಾಗ ಮಾಡಿ ಕಳಿಸಿದ್ದರು. ಫೋನ್ ಮಾಡಿ ಬಾಯಿ ಬಡಿದುಕೊಂಡೆ. "ಮೇಡಂ, ಎಮರಿ ಹಾಕಿ ಉಜ್ಜಿಬಿಡಿ, ಹೋಗುತ್ತೆ" ಅಂದರು. ಅಲ್ಲಿಗೆ ಅವರ ಸಹವಾಸ ಸಾಕು ಅನ್ನಿಸಿತು.

ಟೊಳ್ಳು ಪಿನ್‌ಗೆ ಹೆಡ್ ಶಾಟ್ ಯಾಕೆ ಕೊಟ್ಟಿರಿ ಅಂತ ಕೇಳಿದರೆ ಉತ್ತರ ಇಲ್ಲ. ಆಮೇಲೆ ಹೋಗಿ ಗೋಡೆ ಮೇಲಿನ ಸರ್ಟಿಫಿಕೇಟ್ ಕೂಲಂಕಷವಾಗಿ ಓದಿದೆ, ಮೂರು ವರ್ಷದಲ್ಲಿ ಮೊದಲ ಸಲ. ಫ್ರೇಮ್ ಹಾಕಿಸಿ, ಮೇಲೆ ಮಲ್ಲಿಗೆ ಹಾರ ಬೇರೆ. ಅದರಲ್ಲಿ ಇದ್ದದ್ದು ಹೊಳೆಯುವ ಎಣ್ಣೆ ಬಳಿದು ಬಿರುಕು ನೋಡುವ ಪೆನೆಟ್ರಂಟ್ ಪರೀಕ್ಷೆ ಮಾತ್ರ, ಮ್ಯಾಗ್ನೆಟಿಕ್ ಇರಲೇ ಇಲ್ಲ. ತಪ್ಪು ಅವರದ್ದು ಎಷ್ಟೋ ನನ್ನದೂ ಅಷ್ಟೇ. ನ್ಯಾಡ್‌ಕ್ಯಾಪ್ (ವಿಮಾನದ ಕೆಲಸ ಮಾಡುವ ಶಾಪ್‌ಗಳಿಗೆ ಕೊಡುವ ಮಾನ್ಯತೆ) ಅಂತ ದೊಡ್ಡ ಅಕ್ಷರ ನೋಡಿ ಸುಮ್ನೆ ತಲೆ ಆಡಿಸಿದ್ದೆ.

ಹೊಸ ಶಾಪಿಗೆ ಮೊದಲ ದಿನ ನಾನೇ ಪಿನ್‌ಗಳ ಜೊತೆ ಹೋದೆ. ಎಂಟೂವರೆಗೆ ತಲುಪಿದ್ದೆ. ಗಲ್ಲಿಯೊಳಗೆ ಶೀಟ್ ಶೆಡ್ಡು, ಪಕ್ಕದಲ್ಲಿ ಪವರ್ ಪ್ರೆಸ್ ಹೊಡೆತದ ಸದ್ದು, ಎದುರಿಗೆ ಒಂದು ಬೇಕರಿ. ಹೊರಗಿನಿಂದ ನೋಡಿದರೆ ವಿಮಾನದ ಕೆಲಸ ಇಲ್ಲಿ ಆಗುತ್ತದೆ ಅಂತ ಯಾರೂ ಹೇಳಲಾರರು. "ಹತ್ತು ಗಂಟೆಗೆ ಕೊಟ್ಟುಬಿಡ್ತೀರಾ ಸರ್?" ಅಂತ ಕೇಳಿದೆ. ಲೆವೆಲ್ ಟು ಇನ್‌ಸ್ಪೆಕ್ಟರ್ (ಪಾರ್ಟ್ ನೋಡಿ ಪಾಸು ಫೇಲು ಹೇಳುವ ಅರ್ಹತೆ ಇರುವವರು), ಐವತ್ತು ದಾಟಿದವರು, ನನ್ನ ಮುಖವನ್ನೂ ನೋಡದೆ ಹೇಳಿದರು. "ಹತ್ತಕ್ಕೆ ನಾವು ಶುರು ಮಾಡೋದೇ ಗ್ಯಾರಂಟಿ ಇಲ್ಲ ಮೇಡಂ. ಬೇಕರೀಲಿ ಕಾಫಿ ಚೆನ್ನಾಗಿರುತ್ತೆ."

ನಾನು ಜಾಗ ಬಿಟ್ಟು ಕದಲಲಿಲ್ಲ. ಏನು ಮಾಡುತ್ತಾರೆ ನೋಡೋಣ ಅಂತ ನಿಂತೆ.

ಮಷೀನಿನ ತೊಟ್ಟಿಯಲ್ಲಿ ಸೀಮೆಎಣ್ಣೆ ಜಾತಿಯ ವಾಸನೆ ಇಲ್ಲದ ಎಣ್ಣೆ, ಅದರಲ್ಲಿ ಹೊಳೆಯುವ ಬಣ್ಣ ಹಚ್ಚಿದ ಕಬ್ಬಿಣದ ಸಣ್ಣ ಪುಡಿ. ಇದಕ್ಕೆ ಬಾತ್ ಅಂತಾರೆ. ರಾತ್ರಿ ಪುಡಿಯೆಲ್ಲ ತಳಕ್ಕೆ ಕೂತಿರುತ್ತದೆ, ಆದ್ದರಿಂದ ಪಂಪ್ ಹಾಕಿ ಅರ್ಧ ಗಂಟೆ ಕಲಕಬೇಕು. ಆಮೇಲೆ ಪೇರಲೆ ಹಣ್ಣಿನ ಆಕಾರದ ಗಾಜಿನ ಕೊಳವೆಯಲ್ಲಿ 100 ಮಿಲಿಲೀಟರ್ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಬೇಕು. ಕೊಳವೆಯ ಮೂತಿಯಲ್ಲಿ ಕೂತ ಪುಡಿ 0.1ರಿಂದ 0.4 ಮಿಲಿಲೀಟರ್ ಒಳಗೆ ಇರಬೇಕು. ಕಡಿಮೆಯಾದರೆ ಬಿರುಕಿನ ಮೇಲೆ ಕೂರಲು ಪುಡಿಯೇ ಇರುವುದಿಲ್ಲ, ಜಾಸ್ತಿಯಾದರೆ ಇಡೀ ಪಾರ್ಟು ಹಸಿರಾಗಿ ಬಿರುಕು ಅದರಲ್ಲೇ ಮುಳುಗಿಹೋಗುತ್ತದೆ. ಪಕ್ಕದ ಪ್ರೆಸ್ಸಿನ ಅದುರು ತಾಗಬಾರದು ಅಂತ ಕೊಳವೆ ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಹಾಕಿದ್ದರು. ಹಳೇ ಶಾಪಿನಲ್ಲೂ ಇಂಥ ಕೊಳವೆ ಇತ್ತು. ಅದರಲ್ಲಿ ಪೆನ್ ಇಟ್ಟಿದ್ದರು.

ಆ ಒಂದು ಗಂಟೆಯಲ್ಲಿ ಲೈಟ್ ಅಳತೆ. 365 ನ್ಯಾನೋಮೀಟರ್‌ನ ಅಲ್ಟ್ರಾವಯಲೆಟ್ ಲ್ಯಾಂಪ್, ಅದರಿಂದ 38 ಸೆಂಟಿಮೀಟರ್ ದೂರದಲ್ಲಿ ಮೀಟರ್ ಹಿಡಿದರೆ ಚದರ ಸೆಂಟಿಮೀಟರಿಗೆ ಕನಿಷ್ಠ 1,000 ಮೈಕ್ರೋವ್ಯಾಟ್ ತೋರಿಸಬೇಕು. ಕೋಣೆಯೊಳಗಿನ ಮಾಮೂಲಿ ಬೆಳಕು ಹೆಚ್ಚೆಂದರೆ 20 ಲಕ್ಸ್ ಆಸುಪಾಸು. ಪರದೆಯ ಒಂದು ಮೂಲೆ ಎರಡು ಬೆರಳಷ್ಟು ಎದ್ದಿತ್ತು, ಬೈಂಡರ್ ಕ್ಲಿಪ್ ಹಾಕಿ ಮುಚ್ಚಿದರು. ಆಮೇಲೆ ತೂತುಗಳಿರುವ ಉಕ್ಕಿನ ಟೆಸ್ಟ್ ರಿಂಗ್ ತೆಗೆದು ಕರೆಂಟ್ ಕೊಟ್ಟು, ಎಷ್ಟು ಆಳದ ತೂತಿನವರೆಗೆ ಗೆರೆ ಕಾಣುತ್ತದೆ ಅಂತ ಎಣಿಸಿ ರಿಜಿಸ್ಟರಿನಲ್ಲಿ ಬರೆದರು. ಅವರು ಬರೆದಾದ ಮೇಲೆ ಟ್ರೇನಿ ಹುಡುಗಿ ಮತ್ತೆ ಎಣಿಸಿದಳು. "ನಂಗೆ ಒಂದು ಕಮ್ಮಿ ಕಾಣ್ತಿದೆ ಸರ್" ಅಂದಳು. ಅವರು ಬೇಜಾರು ಮಾಡಿಕೊಳ್ಳದೆ ರಿಂಗ್ ಒರೆಸಿ ಇನ್ನೊಂದು ಸಲ ಶಾಟ್ ಕೊಟ್ಟರು.

ಹತ್ತೂಕಾಲಿಗೆ ನನ್ನ ಮೊದಲ ಪಿನ್ ಮಷೀನ್ ಹತ್ತಿತು. ಕಾಫಿ ಎರಡು ಸಲ ಆಗಿತ್ತು.

ಮುಂದಿನದಕ್ಕೆ ನನ್ನನ್ನು ಒಳಗೆ ಬಿಟ್ಟರು, ಎರಡು ಷರತ್ತಿನ ಮೇಲೆ. ಮೊಬೈಲ್ ಹೊರಗೆ. ದುಪಟ್ಟಾ ಬಿಳಿ ಇದ್ದದ್ದಕ್ಕೆ ಅದೂ ಹೊರಗೆ. ಬಟ್ಟೆ ಸೋಪಿನ ಪುಡಿಯಲ್ಲಿ ಬೆಳ್ಳಗೆ ಕಾಣಲಿ ಅಂತ ಹಾಕುವ ರಾಸಾಯನಿಕ ಆ ಲೈಟಿನಲ್ಲಿ ನೀಲಿಯಾಗಿ ಉರಿಯುತ್ತದೆ, ಪಾರ್ಟಿನ ಮೇಲೆ ಅದರ ಪ್ರತಿಫಲನ ಬೀಳುತ್ತದೆ. ಅವರೆಲ್ಲ ಕಡು ಬಣ್ಣದ ಏಪ್ರನ್ ಹಾಕಿರುತ್ತಾರೆ. ಒಳಗೆ ಹೋದ ಮೇಲೆ ಕಣ್ಣು ಕತ್ತಲೆಗೆ ಹೊಂದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು, ಇದು ನಿಯಮ. ಅವರು ಎರಡು ನಿಮಿಷ ನಿಂತರು. ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕಿಕೊಂಡು ಈ ಕೆಲಸ ಮಾಡುವಂತಿಲ್ಲ. ನನ್ನದು ಅದೇ ಆಗಿತ್ತು, "ಕನ್ನಡಕ ತೆಗೆದು ನೋಡಿ, ಇಲ್ಲಾಂದ್ರೆ ನಾನು ಹೇಳಿದ್ದನ್ನ ನಂಬಿ" ಅಂತ ನಕ್ಕರು.

ಪಿನ್ ಅನ್ನು ಅವರು ಎರಡು ತುದಿಗೆ ಹಿಡಿಸಲಿಲ್ಲ. ತೂತಿನೊಳಗೆ ತಾಮ್ರದ ಸರಳು ತೂರಿಸಿ, ಕರೆಂಟ್ ಆ ಸರಳಿಗೆ ಕೊಟ್ಟರು. ಇದಕ್ಕೆ ಸೆಂಟ್ರಲ್ ಕಂಡಕ್ಟರ್ ಅಂತಾರೆ. ಪಿನ್‌ಗೆ ಕರೆಂಟೇ ಮುಟ್ಟುವುದಿಲ್ಲ, ಸರಳಿನ ಸುತ್ತ ಹುಟ್ಟುವ ಅಯಸ್ಕಾಂತ ಕ್ಷೇತ್ರ ಮಾತ್ರ ಅದರೊಳಗೆ ಸುತ್ತು ಹಾಕುತ್ತದೆ. ಹಾಗಾಗಿ ಪಿನ್ ಮೇಲೆ ಕಿಡಿಯ ಪ್ರಶ್ನೆಯೇ ಇಲ್ಲ, ಜೊತೆಗೆ ತೂತಿನ ಒಳಮೈ ಕೂಡ ಚೆಕ್ ಆಗುತ್ತದೆ, ಹೆಡ್ ಶಾಟ್‌ನಲ್ಲಿ ಒಳಮೈ ಸಿಗುವುದಿಲ್ಲ. ಹಳೆಯವರು ಮೂರು ವರ್ಷ ಮಾಡದೆ ಬಿಟ್ಟದ್ದು ಇಷ್ಟೇ ಸಣ್ಣ ಕೆಲಸ. ಒಂದು ತಾಮ್ರದ ಸರಳು. ಅದನ್ನು ನೋಡುತ್ತಾ ಹೊಟ್ಟೆ ಉರಿಯಿತು.

ಕರೆಂಟ್ ಸುಮಾರು 800 ಆಂಪಿಯರ್. ಮನೆಯ ಮಿಕ್ಸಿ ಎಳೆಯುವುದು ಎರಡು ಮೂರು ಆಂಪಿಯರ್. ಅವರು ಪೈಪಿನಿಂದ ಬಾತ್ ಅನ್ನು ಪಿನ್ ಮೇಲೆ ಹರಿಸುತ್ತಾ ಹರಿಸುತ್ತಾ ನಿಲ್ಲಿಸಿದರು, ನಿಲ್ಲಿಸಿದ ಕೂಡಲೇ ಬಟನ್ ಒತ್ತಿದರು, ಝುಂ ಅಂತ ಅರೆ ಸೆಕೆಂಡ್, ಮತ್ತೊಂದು ಸಲ ಝುಂ. ಪೈಪ್ ನಿಲ್ಲಿಸುವ ಮುಂಚೆ ಶಾಟ್ ಮುಗಿದರೆ ಬಿರುಕಿನ ಮೇಲೆ ಕೂತ ಪುಡಿ ತೊಳೆದುಹೋಗುತ್ತದೆ, ತಡವಾದರೆ ಪುಡಿ ಹರಿಯುವುದೇ ಇಲ್ಲ. ಈ ಕೈಲೆಕ್ಕ ಬರಲು ಆರು ತಿಂಗಳು ಬೇಕು ಅಂತ ಹುಡುಗಿ ಹೇಳಿದಳು.

ಬಿರುಕು ಹೇಗೆ ಕಾಣುತ್ತದೆ ಅಂದರೆ, ನಮ್ಮ ಬೆಂಗಳೂರಿನವರಿಗೆ ಅರ್ಥ ಮಾಡಿಸುವುದು ಸುಲಭ. ರಸ್ತೆಗೆ ಅಡ್ಡಲಾಗಿ ಪೈಪಿಗೆ ಅಗೆದರೆ ಗಾಡಿಗಳೆಲ್ಲ ಫುಟ್‌ಪಾತ್ ಹತ್ತುತ್ತವೆ. ರಸ್ತೆ ಉದ್ದಕ್ಕೆ ಅಂಚಿನಲ್ಲಿ ಅಗೆದರೆ ಅಷ್ಟು ತೊಂದರೆ ಇಲ್ಲ, ಬೈದುಕೊಂಡು ಹೋಗುತ್ತೇವೆ. ಅಯಸ್ಕಾಂತದ ರೇಖೆಗಳೂ ಹಾಗೇ. ದಾರಿಗೆ ಅಡ್ಡ ಬಿರುಕು ಬಂದರೆ ಉಕ್ಕಿನಿಂದ ಹೊರಗೆ ಉಕ್ಕುತ್ತವೆ, ಉಕ್ಕಿದ ಕಡೆ ಪುಡಿ ಗುಂಪು ಕಟ್ಟುತ್ತದೆ, ಲೈಟ್ ಹಾಕಿದರೆ ಹಳದಿ ಹಸಿರು ಗೆರೆ. ರೇಖೆ ಹೋಗುವ ದಿಕ್ಕಿಗೇ ಬಿರುಕು ಇದ್ದರೆ ಕಾಣುವುದೇ ಇಲ್ಲ. ಅದಕ್ಕೇ ಸರಳಿನ ಶಾಟ್ ಆದ ಮೇಲೆ ಪಿನ್ ಅನ್ನು ತಂತಿ ಸುತ್ತಿದ ಕಾಯಿಲ್ ಒಳಗಿಟ್ಟು ಇನ್ನೊಂದು ದಿಕ್ಕಿನಲ್ಲಿ ಶಾಟ್ ಕೊಡಬೇಕು. ಎರಡು ಶಾಟ್, ಎರಡು ಸಲ ನೋಡುವುದು, ನಡುವೆ ಒಂದು ಸಲ ಒರೆಸುವುದು. ನಿಮ್ಮ ಪಾರ್ಟಿಗೆ ಒಂದೇ ಶಾಟ್ ಕೊಟ್ಟು ಬಿಲ್ ಮಾಡುತ್ತಿದ್ದರೆ ಕೇಳಿ.

ಅಂದಹಾಗೆ ಈ ವಿದ್ಯೆ ಹುಟ್ಟಿದ್ದು ಗ್ರೈಂಡಿಂಗ್ ಮಷೀನ್ ಪಕ್ಕದಲ್ಲೇ. 1920ರ ದಶಕದಲ್ಲಿ ಅಮೆರಿಕದ ವಿಲಿಯಂ ಹೋಕ್ ಅನ್ನುವವರು ಮ್ಯಾಗ್ನೆಟಿಕ್ ಚಕ್ (ಪಾರ್ಟನ್ನು ಅಯಸ್ಕಾಂತದಿಂದ ಹಿಡಿದಿಡುವ ಹಾಸು) ಮೇಲೆ ಗ್ರೈಂಡ್ ಮಾಡುತ್ತಿದ್ದ ಉಕ್ಕಿನಲ್ಲಿ ಬಿರುಕಿದ್ದ ಕಡೆಯೇ ಪುಡಿ ಗೆರೆ ಕಟ್ಟುವುದನ್ನು ಗಮನಿಸಿದರಂತೆ. ನಮ್ಮ ಶೆಡ್ಡಿನಲ್ಲೂ ಅಂಥದ್ದೇ ಚಕ್ ಇದೆ. ನಾವು ಆ ಪುಡಿಯನ್ನು ಬ್ರಷ್‌ನಲ್ಲಿ ಗುಡಿಸಿ ಎಸೆಯುತ್ತೇವೆ.

ಒಂಬತ್ತನೇ ಪಿನ್‌ನಲ್ಲಿ ಅವರು ನಿಂತರು. ಮೈಮೇಲೆ ಕಾಲು ಇಂಚಿನ ಹೊಳೆಯುವ ಗುರುತು. ನನ್ನ ಎದೆ ಧಸಕ್ ಅಂತು. ಅವರು ಬಟ್ಟೆಯಲ್ಲಿ ಒರೆಸಿದರು, ಮತ್ತೆ ಶಾಟ್, ಈ ಸಲ ಏನೂ ಇಲ್ಲ. "ಬೆಳಿಗ್ಗೆ ಏನಮ್ಮ ತಿಂಡಿ?" ಅಂತ ಹುಡುಗಿಯನ್ನು ಕೇಳಿದರು. ಚಿತ್ರಾನ್ನ. ಅರಿಶಿನ ಈ ಲೈಟಿನಲ್ಲಿ ಥೇಟ್ ಬಿರುಕಿನ ಬಣ್ಣದಲ್ಲೇ ಹೊಳೆಯುತ್ತದೆ. ಅವಳು ಸೋಪು ಹಾಕಿ ಕೈ ತೊಳೆದಿದ್ದಳು ಪಾಪ, ಆದರೂ ಉಗುರು ಸಂದಿಯಲ್ಲಿ ಉಳಿದಿತ್ತು, ಅವತ್ತು ಗ್ಲೌಸ್ ಹಾಕುವ ಮುಂಚೆ ಒಂದು ಪಿನ್ ಎತ್ತಿಕೊಟ್ಟಿದ್ದಳು. ಆಯುಧಪೂಜೆಯ ಮಾರನೇ ದಿನ ಮಷೀನಿಗೆ ಹಚ್ಚಿದ ಅರಿಶಿನ ಕುಂಕುಮ ಒರೆಸಿ ತೆಗೆಯುವುದಕ್ಕೆ ಅರ್ಧ ದಿನ ಹಿಡಿಯುತ್ತದಂತೆ. ಈಗ ಮಷೀನ್ ಬಾಗಿಲಿಗೆ ಪೂಜೆ, ಬಾತ್ ಇರುವ ಭಾಗಕ್ಕೆ ದೂರದಿಂದ ನಮಸ್ಕಾರ.

ಹದಿನಾಲ್ಕನೇ ಪಿನ್ ಚಿತ್ರಾನ್ನ ಅಲ್ಲ.

ಒಂದಲ್ಲ, ನಾಲ್ಕೈದು ಗೆರೆ. ಪಿನ್ ಉದ್ದಕ್ಕೆ, ಒಂದರ ಪಕ್ಕ ಒಂದು, ಬೆಕ್ಕು ಪರಚಿದ ಹಾಗೆ. ಅವರು ಒರೆಸಿ ಮತ್ತೆ ಶಾಟ್ ಕೊಟ್ಟರು, ಗೆರೆಗಳು ಅಲ್ಲೇ ಬಂದವು. ಇನ್ನೊಂದು ಸಲ. ಮತ್ತೆ ಅಲ್ಲೇ. ಭೂತಗನ್ನಡಿ ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ಕನ್ನಡಕ ಇಲ್ಲದೆಯೂ ನನಗೆ ಕಾಣಿಸಿತು. ಹಗಲು ಬೆಳಕಿಗೆ ತಂದು ನೋಡಿದರೆ ಕನ್ನಡಿ ಹಾಗೆ ಫಳಫಳ ಅನ್ನುವ ಮೈ, ಏನೂ ಇಲ್ಲ. "ಗ್ರೈಂಡಿಂಗ್ ಬಿರುಕು ಮೇಡಂ. ಕಲ್ಲು ಸುತ್ತಿದ ದಿಕ್ಕಿಗೆ ಅಡ್ಡ ಬಂದಿದೆ ನೋಡಿ. ನಿಮ್ಮ ಕೂಲಂಟ್ ಸರಿ ಬೀಳ್ತಿದೆಯಾ ನೋಡ್ಸಿ."

ಆ ಲಾಟಿನ 24ರಲ್ಲಿ ಮೂರು ಹೋದವು. ವಾಪಸ್ ಬಂದು ನೋಡಿದರೆ ಗ್ರೈಂಡರಿನ ಕೂಲಂಟ್ ನಾಝಲ್ ಅರ್ಧ ಇಂಚು ಪಕ್ಕಕ್ಕೆ ಸರಿದಿತ್ತು. ಕಲ್ಲು ಬದಲಾಯಿಸುವಾಗ ಯಾರದ್ದೋ ಮೊಣಕೈ ತಾಗಿರಬೇಕು. ನೀರು ಬೀಳುತ್ತಿತ್ತು, ಆದರೆ ಉಜ್ಜುವ ಜಾಗಕ್ಕಲ್ಲ. ಮಿಕ್ಕ 21ನ್ನು ನೈಟಾಲ್ ಎಚ್‌ಗೆ (ಆಸಿಡ್ ಹಾಕಿ ಸುಟ್ಟ ಕಲೆ ನೋಡುವ ಪರೀಕ್ಷೆ) ಕಳಿಸಿದಾಗ ಇನ್ನೂ ಐದರಲ್ಲಿ ಸುಟ್ಟ ಕಲೆ ಕಂಡಿತು. ಇದು ಎಲ್ಲರಿಗೂ ಗೊತ್ತಿರಲಿ, ಎಂಪಿಐ ಬಿರುಕು ತೋರಿಸುತ್ತದೆ, ಗ್ರೈಂಡಿಂಗ್‌ನಲ್ಲಿ ಸುಟ್ಟು ಇನ್ನೂ ಬಿರಿಯದ ಜಾಗ ತೋರಿಸುವುದಿಲ್ಲ, ಅದಕ್ಕೆ ಆಸಿಡ್ ಎಚ್ಚೇ ಬೇಕು. ಯಾವ ಕೆಲಸದ ಮೇಲೆ ಯಾವುದು ಅಂತ ಬರೆದ ನಮ್ಮ ರೂಟ್ ಕಾರ್ಡಿನಲ್ಲಿ ಇವೆರಡರ ಕ್ರಮ ತಿರುಗಾಮುರುಗಾ ಇತ್ತು, ಕಸ್ಟಮರ್ ಒಪ್ಪಿಗೆ ತೆಗೆದುಕೊಂಡು ಸರಿ ಮಾಡಿದೆವು. ಹಳೇ ಲಾಟ್‌ಗಳ ಬಗ್ಗೆ ಕಸ್ಟಮರ್‌ಗೆ ಬರೆಯದೆ ವಿಧಿಯಿರಲಿಲ್ಲ. ಬರೆದೆವು. ಅವರ ಹತ್ತಿರ ಜೋಡಣೆಗೆ ಹೋಗದೆ ಉಳಿದಿದ್ದ ಪಿನ್‌ಗಳು ಪೂರ್ತಿ ವಾಪಸ್ ಬಂದವು, ಇದೇ ಶಾಪಿನಲ್ಲಿ ಒಂದೊಂದಾಗಿ ನೋಡಿಸಿದೆವು. ಎಲ್ಲ ಸರಿ ಇದ್ದವು. ಆ ಎರಡು ವಾರ ನಾನು ಸರಿಯಾಗಿ ಊಟ ಮಾಡಿಲ್ಲ.

ನಮ್ಮ ಓನರ್ ಮೊದಲು ಸಿಟ್ಟಾಗಿದ್ದು ಹೊಸ ಶಾಪಿನ ಮೇಲೆ. "ಮೂರು ವರ್ಷ ಬರದ ಬಿರುಕು ಇವರ ಹತ್ರ ಹೋದ ದಿನವೇ ಹೇಗೆ ಬಂತಮ್ಮ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ಸಂಜೆ ಅವರನ್ನೇ ಕರೆದುಕೊಂಡು ಹೋಗಿ ಕತ್ತಲೆ ಕೋಣೆಯಲ್ಲಿ ನಿಲ್ಲಿಸಿದೆ. ಹೊರಗೆ ಬಂದು ಮಾತಾಡಲಿಲ್ಲ, ಬೇಕರಿಯಲ್ಲಿ ಬೈ ಟು ಕಾಫಿ ಹೇಳಿ ತಾವೇ ದುಡ್ಡು ಕೊಟ್ಟರು. ಅದು ನಮ್ಮಲ್ಲಿ ಅಪರೂಪ.

ಪೆನೆಟ್ರಂಟ್ ಲೈನ್ ಬಗ್ಗೆಯೂ ಎರಡು ಮಾತು. ಟೈಟಾನಿಯಂ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಹತ್ತುವುದಿಲ್ಲ, ಅವಕ್ಕೆ ಎಫ್‌ಪಿಐ, ಅಂದರೆ ಫ್ಲೋರಸೆಂಟ್ ಪೆನೆಟ್ರಂಟ್ ಇನ್‌ಸ್ಪೆಕ್ಷನ್. ಹೊಳೆಯುವ ಬಣ್ಣದ ಎಣ್ಣೆ ಬಳಿದು ಕನಿಷ್ಠ ಹತ್ತು ನಿಮಿಷ ಬಿಟ್ಟು, ತೊಳೆದು, ಒಣಗಿಸಿ, ಬಿಳಿ ಪುಡಿ ಹಾಕಿದರೆ ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೇಲೆ ಬರುತ್ತದೆ. ಒಂದು ಸಲ ನಮ್ಮ ಹುಡುಗ ಅಲ್ಯೂಮಿನಿಯಂ ಬ್ರಾಕೆಟ್‌ಗಳನ್ನು ಚಂದ ಕಾಣಲಿ ಅಂತ ಬಫ್ ಹೊಡೆದು ಕಳಿಸಿದ್ದ. ಅವರು ಮುಟ್ಟದೆ ವಾಪಸ್ ಕಳಿಸಿದರು. ಬಫ್ ಹೊಡೆದರೆ ಮೆತ್ತನೆಯ ಲೋಹ ಬಿರುಕಿನ ಬಾಯಿ ಮೇಲೆ ಸವರಿಕೊಳ್ಳುತ್ತದೆ, ಎಣ್ಣೆ ಒಳಗೆ ಇಳಿಯುವುದಿಲ್ಲ. ಮೇಲಿನ ಪದರ ಕರಗುವ ಹಾಗೆ ಎಚ್ ಮಾಡಿ ತನ್ನಿ ಅಂದರು, ಎರಡು ದಿನ ಹೋಯಿತು, ಡೆಲಿವರಿ ತಪ್ಪಿತು, ನಾನು ಅವತ್ತು ಜೋರಾಗೇ ಮಾತಾಡಿದೆ. ಆಗ ಅವರು ಹೇಳಿದ್ದು 1996ರ ಜುಲೈ 6ರ ಪೆನ್ಸಕೋಲಾ ಘಟನೆ. ಡೆಲ್ಟಾದ ಎಂಡಿ-88 ವಿಮಾನದ ಎಂಜಿನ್ನಿನ ಟೈಟಾನಿಯಂ ಹಬ್ ಟೇಕಾಫ್ ಹೊತ್ತಿನಲ್ಲಿ ಒಡೆದು ಚೂರುಗಳು ಕ್ಯಾಬಿನ್ ಒಳಗೆ ನುಗ್ಗಿ ಇಬ್ಬರು ಸತ್ತರು. ಅದಕ್ಕೂ ಮುಂಚೆ ಎಫ್‌ಪಿಐ ಮಾಡಿದಾಗಲೇ ಆ ಬಿರುಕು ಸಿಗುವಷ್ಟು ದೊಡ್ಡದಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಲ್ಯಾಂಡಿಂಗ್ ಗೇರ್ ಅಲ್ಲ ನಿಜ, ಆದರೆ ಎಣ್ಣೆ ಅದೇ, ಲೈಟ್ ಅದೇ. ನಾನು ಸುಮ್ಮನಾದೆ.

ರೇಟು? ಹಳೆಯವರಿಗಿಂತ ಪಿನ್‌ಗೆ ಸುಮಾರು ಒಂದೂವರೆ ಪಟ್ಟು. ಚೌಕಾಸಿಗೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. 50ಕ್ಕಿಂತ ಜಾಸ್ತಿ ಕೊಟ್ಟರೆ ಸ್ವಲ್ಪ ಇಳಿಸುತ್ತಾರೆ, ಅಷ್ಟೇ. ಹೊಸ ಪಾರ್ಟ್ ಆದರೆ ಹೇಗೆ ಪರೀಕ್ಷಿಸಬೇಕು ಅನ್ನುವ ಟೆಕ್ನಿಕ್ ಶೀಟ್ ಬರೆದು ಅವರ ಲೆವೆಲ್ ತ್ರೀ (ಲೆವೆಲ್ ಟುಗಿಂತ ಮೇಲಿನವರು) ಸಹಿ ಹಾಕಬೇಕು, ಅದಕ್ಕೆ ಮೂರ್ನಾಲ್ಕು ದಿನ ಬೇರೆ. ಡ್ರಾಯಿಂಗ್ ಮೊದಲೇ ಕಳಿಸಿ, ಪಾರ್ಟ್ ಜೊತೆ ಕೊಟ್ಟರೆ ಪಾರ್ಟು ಅಲ್ಲೇ ಕೂತಿರುತ್ತದೆ.

ಮುಗಿದ ಮೇಲಿನ ಕೆಲಸ ಅಚ್ಚುಕಟ್ಟು. ಪಿನ್‌ನಲ್ಲಿ ಅಯಸ್ಕಾಂತ ಉಳಿಯದ ಹಾಗೆ ಡೀಮ್ಯಾಗ್ ಮಾಡಿ ಮೀಟರಿನಲ್ಲಿ 3 ಗಾಸ್ ಒಳಗೆ ಇದೆ ಅಂತ ತೋರಿಸಿಯೇ ಕೊಡುತ್ತಾರೆ. ಹಳೇ ಶಾಪಿನ ಪಿನ್‌ಗಳು ಡಬ್ಬದಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು, ಅದು ತಪ್ಪು ಅಂತಲೇ ನನಗೆ ಹೊಳೆದಿರಲಿಲ್ಲ ನೋಡಿ. ಇವರು ತೊಳೆದು, ತುಕ್ಕು ಹಿಡಿಯದ ಎಣ್ಣೆ ಸವರಿ, ಒಂದೊಂದಕ್ಕೂ ಬಲೆಯ ಕವಚ ಹಾಕಿ ಕೊಡುತ್ತಾರೆ. ರಿಪೋರ್ಟಿನಲ್ಲಿ ಕರೆಂಟ್ ಎಷ್ಟು, ಬಾತ್ ರೀಡಿಂಗ್ ಎಷ್ಟು, ಲ್ಯಾಂಪ್ ನಂಬರ್ ಯಾವುದು, ನೋಡಿದವರು ಯಾರು ಎಲ್ಲ ಇರುತ್ತದೆ. ಕೇಳಿದರೆ ಇನ್‌ಸ್ಪೆಕ್ಟರ್‌ನ ವರ್ಷದ ಕಣ್ಣಿನ ಪರೀಕ್ಷೆಯ ಕಾಗದವನ್ನೂ ತೋರಿಸುತ್ತಾರೆ. ನೀವು ಎಲ್ಲೇ ಕೊಟ್ಟರೂ ಅದನ್ನು ಕೇಳಿ. ಸರ್ಟಿಫಿಕೇಟಿನ ಹೆಸರು ಬಿಡಿ, ಅದರ ಸ್ಕೋಪ್ ಓದಿ, ನಾನು ಓದದೆ ಕೈ ಸುಟ್ಟುಕೊಂಡವಳು.

ಬೈಯುವುದೂ ಇದೆ. ಫೋನ್ ಎತ್ತುವುದಿಲ್ಲ, ಎತ್ತುವುದೇ ಇಲ್ಲ. ಮೊಬೈಲ್ ಕತ್ತಲೆ ಕೋಣೆಯ ಹೊರಗೆ ಇಡುತ್ತಾರೆ ಸರಿ, ಆಫೀಸಿನಲ್ಲಿ ಒಬ್ಬರನ್ನು ಕೂರಿಸಬಹುದಲ್ವಾ? ನಿಮ್ಮ ಲಾಟ್ ಆಯಿತಾ ಅಂತ ತಿಳಿಯಲು ಗಾಡಿ ಹತ್ತಿ ಹೋಗಬೇಕು. ಪಾರ್ಟು ಅವತ್ತೇ ಸಿಕ್ಕರೂ ರಿಪೋರ್ಟ್ ಮಾರನೇ ದಿನ, ಯಾಕೆಂದರೆ ಟೈಪ್ ಮಾಡುವವರು ಮಧ್ಯಾಹ್ನ ಬರುತ್ತಾರೆ. ಒಂದು ಸಲ ಡಿಸಿ (ಡೆಲಿವರಿ ಚಲನ್) ನಂಬರ್ ತಪ್ಪು ಹೊಡೆದು ಕಸ್ಟಮರ್ ಗೇಟಿನಲ್ಲಿ ನಮ್ಮ ಡ್ರೈವರ್ ನಾಲ್ಕು ಗಂಟೆ ನಿಂತ. ನೈಟಾಲ್ ಎಚ್ ಇಲ್ಲಿ ಇಲ್ಲ, ಅದಕ್ಕೆ ಬೇರೆ ಕಡೆ ಓಡಬೇಕು. ಮಳೆಗಾಲದಲ್ಲಿ ಗಲ್ಲಿಯ ತುಂಬ ನೀರು, ಟಾಟಾ ಏಸ್ ಒಳಗೆ ಬರುವುದಿಲ್ಲ, ಪಿನ್ ಡಬ್ಬ ಹೊತ್ತುಕೊಂಡು ನಡೆಯಬೇಕು, 24 ಪಿನ್ ಅಂದರೆ ಎಷ್ಟು ಭಾರ ಹೊತ್ತವರಿಗೇ ಗೊತ್ತು. ಕರೆಂಟ್ ಹೋದರೆ ಎಲ್ಲ ನಿಲ್ಲುತ್ತದೆ, ಜನರೇಟರ್ ಇದೆ, ಆದರೆ ಅದರಲ್ಲಿ ಲ್ಯಾಂಪ್ ರೀಡಿಂಗ್ ಏರಿಳಿಯುತ್ತದೆ ಅಂತ ಅವರು ಆ ಹೊತ್ತಿನಲ್ಲಿ ಪಾರ್ಟ್ ನೋಡುವುದಿಲ್ಲ. ಇದನ್ನು ದೂರಿನಲ್ಲಿ ಸೇರಿಸಲೋ ಹೊಗಳಿಕೆಯಲ್ಲಿ ಸೇರಿಸಲೋ ನನಗೇ ಗೊತ್ತಿಲ್ಲ.

ಐದಕ್ಕೆ ನಾಲ್ಕೂವರೆ. ಅರ್ಧ ಕಡಿತ ಪೂರ್ತಿ ಆ ಫೋನಿಗೆ.

ಕಳೆದ ಗುರುವಾರ ಹೊಸ ಲಾಟ್ ಇಳಿಸಲು ಹೋಗಿದ್ದೆ. ಟ್ರೇನಿ ಹುಡುಗಿ ಈಗ ಲೆವೆಲ್ ಟು ಪರೀಕ್ಷೆಗೆ ಓದುತ್ತಿದ್ದಾಳೆ, ಬೆಳಿಗ್ಗೆ ಬಾತ್ ರೀಡಿಂಗ್ ಅವಳದ್ದೇ. ಸರ್ ಪರದೆ ಸರಿಸಿ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಡಬ್ಬ ತೆಗೆದುಕೊಂಡರು. ಒಂದೂವರೆ ವರ್ಷ ಆಯಿತು, ಇವತ್ತಿಗೂ ಡಿಸಿ ಮೇಲೆ ಸಹಿ ಹಾಕುವ ಮುಂಚೆ ಅದೇ ಪ್ರಶ್ನೆ.

"ನಾಝಲ್ ಸರಿ ಇದೆಯಾ ಮೇಡಂ?"